ಟೈಪಿಂಗ್ ಅಕ್ಕ ಮತ್ತು ನನ್ನ ಸಾಕ್ಷಿ

ಕಳೆದ ತಿಂಗಳು ಸಂಭಾಜಿನಗರದಿಂದ ಫೋನು ಬಂತು. ಮಾತಾಡಿದ್ದು ನಮ್ಮ ಟೈಪಿಂಗ್ ಅಕ್ಕನ ತಂಗಿಯ ಮಗಳು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಅಕ್ಕ ಹೋಗಿಬಿಟ್ಟರು ಎಂದು ಮರಾಠಿಯಲ್ಲೇ ಹೇಳಿದಳು. ಮಧ್ಯಾಹ್ನ ಊಟ ಮಾಡಿ, ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರಂತೆ. ಚಹಾ ತಂದು ಕರೆದಾಗ ಓಗೊಡಲಿಲ್ಲವಂತೆ. ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತಂತೆ.

ಕೆಂಪು ಪೆನ್ನು ಎಂದೊಡನೆ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮರಾಠಿ ಪೇಪರಿನಲ್ಲಿ ಅಕ್ಷರ ತಪ್ಪು ಕಂಡರೆ ಅಕ್ಕ ತಿದ್ದದೆ ಬಿಡುತ್ತಿರಲಿಲ್ಲ. ನಮ್ಮ ಹೋಟೆಲಿಗೆ ಬರುವ ಪೇಪರನ್ನೂ ತಿದ್ದುತ್ತಿದ್ದರು. ಗಿರಾಕಿಗಳು ಸಾಂಬಾರಿನ ಕೈಯಲ್ಲಿ ಪುಟ ತಿರುವಿ, "ಇದೇನು ಅಣ್ಣಾ, ನಿಮ್ಮ ಪೇಪರಿಗೆ ಯಾರು ಮಾರ್ಕು ಕೊಟ್ಟವರು?" ಎಂದು ಕೇಳುತ್ತಿದ್ದರು.

ನಾಸಿಕ್‌ನ ಕೋರ್ಟಿನೆದುರು, ರಸ್ತೆಯ ಈ ಬದಿಗೆ ನಮ್ಮ ಹೋಟೆಲು. ಆ ಬದಿಯಲ್ಲಿ ಗೋಡೆಗೆ ಒತ್ತಿ ಹಾಕಿದ ತಗಡಿನ ಮಾಡಿನ ಕೆಳಗೆ ಅಕ್ಕನ ಮೇಜು. ನಾನು ಗಲ್ಲಾದಲ್ಲಿ ಕೂತು ತಲೆಯೆತ್ತಿದರೆ ಮೊದಲು ಕಾಣುತ್ತಿದ್ದದ್ದು ಅವರೇ. ಸಣ್ಣ ದೇಹ, ಕಪ್ಪು ದಾರ ಕಟ್ಟಿದ ಕನ್ನಡಕ, ಸೋಮವಾರವಾದರೆ ಇಳಕಲ್ ಸೀರೆ. ಮೊದಲು ಮರಾಠಿ ಟೈಪ್‌ರೈಟರ್, ಆಮೇಲೆ ಕಂಪ್ಯೂಟರು. ಯಂತ್ರ ಬದಲಾದರೂ ಕೀಲಿಗಳನ್ನು ಕುಟ್ಟುವ ಜೋರು ಬದಲಾಗಲಿಲ್ಲ. ಅವರ ಅಪ್ಪ ವಿಜಯಪುರದ ಕಡೆಯಿಂದ ನಾಸಿಕ್ ರೋಡಿಗೆ ಹಮಾಲಿಗೆಂದು ಬಂದವರು. ಅಕ್ಕ ಹುಟ್ಟಿದ್ದು, ಟೈಪಿಂಗ್ ಕಲಿತದ್ದು ಎಲ್ಲ ಅಲ್ಲೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಅರ್ಜಿ ಬಂದಿದ್ದು ಖರೆ. ಒಂದರಾಗೂ ಒಕ್ಕಣಿ ಸರಿ ಇರಲಿಲ್ರಿ" ಅನ್ನುತ್ತಿದ್ದರು.

ನಾನು ಕುಂದಾಪುರದ ಕಡೆಯವನು. ಈ ಊರಿನಲ್ಲಿ ನಮ್ಮಂಥ ಹೋಟೆಲಿನವರೆಲ್ಲ 'ಅಣ್ಣಾ'. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಅಣ್ಣಾರು ಅನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರು ಎಂದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಕಟ್ಟಡ ಕೆಲಸಕ್ಕೆ ಬಂದ ನಮ್ಮ ಉತ್ತರ ಕರ್ನಾಟಕದ ಮಂದಿಗೆ ಅಕ್ಕನ ಮೇಜು ಎಂದರೆ ಊರಿನ ಕಟ್ಟೆಯಿದ್ದ ಹಾಗೆ. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ಅಕ್ಕ ಮರಾಠಿಯಲ್ಲಿ ಟೈಪು ಮಾಡುತ್ತಿದ್ದರು. ಆದರೆ ನಡುನಡುವೆ ಬೆರಳು ನಿಂತುಬಿಡುತ್ತಿತ್ತು. ಬಲಗೈಯ ತೋರುಬೆರಳು ಕೀಲಿಯ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತೆಂದರೆ ಅಕ್ಕನಿಗೆ ಅನುಮಾನ ಬಂತು ಎಂದರ್ಥ.

"ಇದು ನೀ ನೋಡಿದ್ದೇನ್, ಕೇಳಿದ್ದೇನ್?"

"ಎಲ್ಲಾರೂ ಹಂಗ ಅಂತಾರ್ರೀ ಅಕ್ಕಾ..."

"ಎಲ್ಲಾರನ್ನೂ ಕರ್ಕೊಂಬಾ. ಸಹಿ ಮಾಡ್ಸೂಣು."

ಹಾಗೆ ಎದ್ದು ಹೋಗಿ ಪಕ್ಕದ ಟೈಪಿಸ್ಟನ ಹತ್ತಿರ ಕೂತವರು ಎಷ್ಟೋ ಮಂದಿ. ಅಕ್ಕನಿಗೆ ಅದರ ಬೇಸರವಿರಲಿಲ್ಲ.

ಇಂಥ ಅಕ್ಕನ ಕೈಗೆ ನಾನು ಸಿಕ್ಕಿಬಿದ್ದ ಕತೆಯನ್ನು ಹೇಳಬೇಕು. ಅದನ್ನು ಹೇಳದೆ ಅವರ ಬಗ್ಗೆ ಏನು ಬರೆದರೂ ಅಪೂರ್ಣ.

ಕೆಲವು ವರ್ಷಗಳ ಹಿಂದೆ, ದಸರಾ ಮುಗಿದು ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಶುರುವಾಗಿದ್ದ ದಿನಗಳು. ದಿಂಡೋರಿಯ ಹತ್ತಿರದ ಒಂದು ಹಳ್ಳಿಯಲ್ಲಿ, ತೋಟದ ಮನೆಯಲ್ಲಿದ್ದ ಒಬ್ಬ ಮುದುಕಿಯ ಕೊಲೆಯಾಯಿತು. ಮಕ್ಕಳಿಲ್ಲದ ವಿಧವೆ, ಊರವರಿಗೆಲ್ಲ 'ಆಜಿ'. ಆಜಿಯ ಜೊತೆಗಿರಲೆಂದು ಉತ್ತರ ಕರ್ನಾಟಕದಿಂದ ಬಂದ, ಗೋಡೆ ಕಟ್ಟುವ ಗೌಂಡಿ ಹಣಮಂತಪ್ಪನ ಹಿರಿಯ ಮಗಳು ಗೌರವ್ವ ಅದೇ ಮನೆಯಲ್ಲಿ ಇರುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಸೋಮವಾರ ಬೆಳಿಗ್ಗೆ ಹಾಲಿನವನು ಹೋಗಿ ನೋಡಿದಾಗ ಆಜಿ ಹೆಣವಾಗಿದ್ದಳು, ಗೌರವ್ವ ಇರಲಿಲ್ಲ. ತೋಟದ ಬದುವಿನ ಮೇಲೆ ಅವಳ ಒಂದು ಚಪ್ಪಲಿ ಬಿದ್ದಿತ್ತು, ನಾಲ್ಕಾರು ಬಳೆಚೂರು ಇದ್ದವು. ಕೊಲೆ ಮತ್ತು ಅಪಹರಣ ಎಂದು ಪೊಲೀಸರು ಬರೆದುಕೊಂಡರು.

ಮರುದಿನದಿಂದ ನಮ್ಮ ಹೋಟೆಲಿನಲ್ಲಿ ಒಂದು ಪ್ಲೇಟು ಇಡ್ಲಿ ಮುಗಿಯುವುದರೊಳಗೆ ಒಬ್ಬ ಕೊಲೆಗಾರ ಸಿಗತೊಡಗಿದ. ಫ್ಯಾನಿನ ಕೆಳಗಿನ ಮೇಜಿನ ವಕೀಲರಿಗೆ ಆಜಿಯ ಮೈದುನನ ಮಗನ ಮೇಲೆ ಸಂಶಯ, ತೋಟ ಅವನಿಗೇ ಬರುವುದಿತ್ತಲ್ಲ! ಬಾಗಿಲ ಬಳಿಯ ರಿಕ್ಷಾದವರ ಪ್ರಕಾರ ಅದು ಟೆಂಪೋದಲ್ಲಿ ಬರುವ ಹೊರಗಿನ ಗ್ಯಾಂಗು. ಹಳ್ಳಿಯ ಕಡೆಯಿಂದ ಕೋರ್ಟಿಗೆ ಬಂದವರು ಕೂಲಿಗಳನ್ನು ಕರೆತರುವ ಮುಕಾದಮನ ಹೆಸರು ಹೇಳುತ್ತಿದ್ದರು. ಅವನಿಗೂ ಹಣಮಂತಪ್ಪನಿಗೂ ಹಿಂದೊಮ್ಮೆ ಜಗಳವಾಗಿತ್ತಂತೆ. ಇನ್ನು ಗುಮಾಸ್ತರ ಮೇಜಿನವರು ದನಿ ತಗ್ಗಿಸಿ, "ಹುಡುಗಿಯೇ ಮಾಡಿರಬೇಕು. ಯಾವನೋ ಇದ್ದಾನೆ ಜೊತೆಗೆ" ಅನ್ನುತ್ತಿದ್ದರು.

ಮೂರನೆಯ ದಿನ ಪೇಪರಿನಲ್ಲಿ ಗೌರವ್ವನ ಫೋಟೋ ಬಂತು. ಹಳದಿ ದುಪಟ್ಟಾ. ನೋಡಿದ ಕೂಡಲೆ ನನಗೆ ನೆನಪಾಯಿತು. ಆ ಸೋಮವಾರ ಬೆಳಿಗ್ಗೆ ನಾನು ನನ್ನ ಅತ್ತೆಯನ್ನು ಸಂಭಾಜಿನಗರದ ಬಸ್ಸಿಗೆ ಹತ್ತಿಸಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಆಗಿನ್ನೂ ಬೋರ್ಡಿನ ಮೇಲೆ ಆ ಊರಿಗೆ ಹಳೆಯ ಹೆಸರೇ ಇತ್ತು. ಆ ಬಸ್ಸಿಗೆ ಹಳದಿ ದುಪಟ್ಟಾದ ಒಬ್ಬ ಹುಡುಗಿ ಹತ್ತಿದ್ದಳು, ಜೊತೆಗೊಬ್ಬ ಹುಡುಗನಿದ್ದ.

"ಇವಳ ಹಾಗಿನ ಒಬ್ಬಳನ್ನು ಕಂಡೆ ಮಾರಾಯ್ರೆ" ಎಂದು ಮೊದಲು ವಕೀಲರ ಮೇಜಿಗೆ ಹೇಳಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷ ಅವರಿಗೆ ಚಟ್ನಿ ಬಡಿಸಿದ ನನ್ನ ಕಡೆ ಅವರು ಹಾಗೆ ತಿರುಗಿದ್ದು ಅದೇ ಮೊದಲು. ಮಧ್ಯಾಹ್ನ ರಿಕ್ಷಾದವರಿಗೆ ಹೇಳುವಾಗ 'ಇವಳ ಹಾಗಿನವಳು' ಹೋಗಿ 'ಇವಳೇ' ಆಯಿತು. ಸಂಜೆಯ ಹೊತ್ತಿಗೆ ಅವಳು ನಗುತ್ತಿದ್ದಳು. ಎರಡು ದಿನ ಬಿಟ್ಟು ಚಹಾಕ್ಕೆ ಬಂದ ಪೊಲೀಸನೊಬ್ಬ ಕೇಳಿಸಿಕೊಂಡ. ನನ್ನನ್ನು ಕರೆದೊಯ್ದು ಜಬಾಬು ಎಂದು ನನ್ನ ಹೇಳಿಕೆ ಬರೆಸಿಕೊಂಡರು. ಸಹಿ ಮಾಡಿದೆ. ಹೋಟೆಲ್ ಮಾಲೀಕರೊಬ್ಬರು ಹುಡುಗಿಯನ್ನು ಕಂಡಿದ್ದಾರೆ ಎಂದು ಪೇಪರಿನಲ್ಲೂ ಬಂತು. ನಾನು ಆ ಪುಟವನ್ನು ಮನೆಗೆ ಒಯ್ದೆ.

ಅಪಹರಣವಾಗಿದ್ದವಳು ಒಂದೇ ವಾರದಲ್ಲಿ ಆರೋಪಿಯಾದಳು. ಹಣಮಂತಪ್ಪನ ಇಡೀ ತಂಡಕ್ಕೆ ಆ ಸುತ್ತಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವನ ಹೆಂಡತಿ ನೀರಿಗೆ ಹೋದರೆ ನಲ್ಲಿಯ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಅಕ್ಕ ಹೇಳಿದ ಮೇಲೆ.

ಅದಾಗಿ ತಿಂಗಳ ಹತ್ತಿರವಾಗಿತ್ತು. ಹಣಮಂತಪ್ಪ ಅರ್ಜಿ ಬರೆಸಲು ಅಕ್ಕನ ಬಳಿ ಬಂದಿದ್ದ. ಅವನು ಹೋದ ಮೇಲೆ ಅಕ್ಕ ರಸ್ತೆ ದಾಟಿ ಬಂದರು. ಹೋಟೆಲು ಖಾಲಿಯಿತ್ತು. ಚಹಾವನ್ನು ಸಾಸರಿಗೆ ಬಗ್ಗಿಸಿಕೊಂಡು ಕೇಳಿದರು:

"ಅಣ್ಣಾರ, ಆ ಹುಡುಗಿ ಕೂದಲಾ ಹೆಂಗ ಕಟ್ಟಿದ್ಲು? ಜಡಿನೋ, ತುರುಬೋ?"

"ಜಡೆ ಇರಬೇಕು ಅಕ್ಕ."

"ಇರಬೇಕು ಅಲ್ಲ. ಇತ್ತೋ ಇಲ್ಲೋ?"

"ದುಪಟ್ಟಾ ತಲೆ ಮೇಲಿತ್ತು. ಕಾಣಲಿಲ್ಲ."

"ಮಾರಿ ಕಂಡ್ತೇನು?"

"ಇಲ್ಲ. ಅವಳು ಬಸ್ಸು ಹತ್ತುತ್ತಿದ್ದಳು. ನಾನಿದ್ದದ್ದು ಅವಳ ಹಿಂದೆ."

"ಬೆನ್ನ ನೋಡಿದ್ರಿ ಅಂದ್ರ, ನಗೂದು ಹೆಂಗ ಕಂಡ್ತು?"

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ನಗುವನ್ನು ನಾನೇ ಸೇರಿಸಿದ್ದೆ. ಯಾವ ಮೇಜಿನ ಹತ್ತಿರ ಸೇರಿಸಿದೆ ಎಂಬುದೂ ನೆನಪಿತ್ತು. ಇಷ್ಟು ದಿನ ಅದು ಸೇರಿಸಿದ್ದು ಎಂಬುದೇ ಮರೆತುಹೋಗಿತ್ತು.

"ಈಗ ಕಣ್ಣ ಮುಚ್ಚರಿ. ಕಂಡದ್ದಷ್ಟ ಹೇಳ್ರಿ. ಆ ಹುಡುಗನ ಕೈಯಾಗ ಏನಿತ್ತು?"

ಕಣ್ಣು ಮುಚ್ಚಿದೆ. ನೀಲಿ ಚೀಲ ಹುಡುಗಿಯ ಹೆಗಲಿಗಿತ್ತು. ಹುಡುಗನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕುಂಬಳಕಾಯಿಯಷ್ಟು ದೊಡ್ಡ ಗುಂಡನೆಯ ವಸ್ತುವಿತ್ತು. ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದಿದ್ದ. ಕಿಟಕಿಯೊಳಗಿನ ಕೈಗೆ ಕೊಟ್ಟು ಕೆಳಗೇ ನಿಂತ. ಅವನು ಬಸ್ಸು ಹತ್ತಲೇ ಇಲ್ಲ.

"ಇದನ್ನ ಪೊಲೀಸರಿಗೆ ಹೇಳಿದ್ರೇನು?"

"ಇಲ್ಲ."

"ಯಾಕ?"

ಯಾಕೆಂದರೆ ಆ ಕತೆಗೆ ಅದು ಹೊಂದುತ್ತಿರಲಿಲ್ಲ. ಓಡಿಹೋಗುವವರು ಕುಂಬಳಕಾಯಿಯಂಥದ್ದನ್ನು ಹೊತ್ತು ಹೋಗುತ್ತಾರೆಯೇ? ಅದಕ್ಕೇ ನನ್ನ ಮನಸ್ಸು ಅದನ್ನು ಬಿಟ್ಟುಬಿಟ್ಟಿತ್ತು.

ಅಕ್ಕ ಎದ್ದರು. "ನಡೀರಿ ಬಸ್‌ಸ್ಟ್ಯಾಂಡಿಗೆ" ಅಂದರು.

ಮೂರು ದಿನ ಬೆಳಿಗ್ಗೆ ಹೋದೆವು. ಆ ಹೊತ್ತಿನ ಬಸ್ಸಿನ ಕಂಡಕ್ಟರುಗಳನ್ನು ಒಬ್ಬೊಬ್ಬರನ್ನೇ ಕೇಳಿದೆವು. ಮೂರನೆಯವನು ಹಣೆ ಬಡಿದುಕೊಂಡ. "ಅಯ್ಯೋ ಆ ಹೃದಯವೇ! ಸೀಟಿನ ಮೇಲೆ ಇಟ್ಟಿದ್ದಳು ಅಮ್ಮಾ, ಒಬ್ಬ ಮುದುಕ ನಿಂತೇ ಬರಬೇಕಾಗಿ ಬಂದು ಯೇವಲಾದವರೆಗೂ ಜಗಳ. ಓಝರ್‌ನ ಹುಡುಗಿ, ಈ ಬಸ್ಸು ಹೋಗುವ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಾಳೆ. ಸೋಮವಾರ ನನ್ನ ಬಸ್ಸಿಗೇ ಬರುತ್ತಾಳೆ."

ಆ ಭಾನುವಾರ ಅಕ್ಕ, ನಾನು ಇಬ್ಬರೂ ಸಂಭಾಜಿನಗರಕ್ಕೆ ಹೋದೆವು. ದಾರಿಯುದ್ದಕ್ಕೂ ನನಗೆ ಹೆದರಿಕೆ. ಅಕ್ಕ ಮಾತ್ರ ಕಿಟಕಿಯ ಪಕ್ಕ ಕೂತು ಶೇಂಗಾ ಸುಲಿಯುತ್ತ, ರಸ್ತೆ ಬದಿಯ ಬೋರ್ಡುಗಳ ಅಕ್ಷರ ತಪ್ಪು ಹೇಳುತ್ತ ಬಂದರು. ಹಾಸ್ಟೆಲಿನ ಮೇಲ್ವಿಚಾರಕಿ ನಮ್ಮನ್ನು ಅನುಮಾನದಿಂದಲೇ ನೋಡಿ ಒಬ್ಬ ಹುಡುಗಿಯನ್ನು ಕರೆಸಿದಳು. ಅವಳ ಹೆಗಲ ಮೇಲೆ ಅದೇ ಹಳದಿ ದುಪಟ್ಟಾ. ವಿಷಯ ಕೇಳಿ ಹುಡುಗಿಗೆ ಮೊದಲು ಗಾಬರಿ. ಆಮೇಲೆ ನಮ್ಮನ್ನು ಹಾಲ್‌ಗೆ ಕರೆದೊಯ್ದು ಗಾಜಿನ ಕಪಾಟು ತೋರಿಸಿದಳು. ಒಳಗೆ ಥರ್ಮಾಕೋಲಿನಲ್ಲಿ ಮಾಡಿ ಕೆಂಪು ನೀಲಿ ಬಣ್ಣ ಬಳಿದ ದೊಡ್ಡ ಹೃದಯವಿತ್ತು. ಬಸ್ಸಿನಲ್ಲಿ ಒಂದು ರಕ್ತನಾಳ ಮುರಿದುಹೋಗಿ, ಅಂಟಿಸಿದ ಗುರುತೂ ಇತ್ತು. ಅವಳನ್ನು ಕಳಿಸಲು ಬಂದಿದ್ದವನು ತಮ್ಮ. ಆ ಬೆಳಿಗ್ಗೆ ಕಿಟಕಿಯಲ್ಲಿ ಹೃದಯ ಹಿಡಿದ ಅವಳ ಫೋಟೋ ತೆಗೆದಿದ್ದ. ದಿನಾಂಕ, ಹೊತ್ತು ಸಮೇತ ಅವಳ ಫೋನಿನಲ್ಲಿತ್ತು. ಫೋಟೋದ ಒಂದು ಮೂಲೆಯಲ್ಲಿ ನನ್ನ ಅತ್ತೆಯ ಚೀಲ ಹಿಡಿದು ನಾನೂ ಇದ್ದೆ. ನಾನು ನೋಡುತ್ತಿದ್ದದ್ದು ಬೇರೆ ಕಡೆಗೆ.

ಅಕ್ಕ ಹೃದಯವನ್ನು ಬಹಳ ಹೊತ್ತು ನೋಡಿದರು. "ಭಾಳ ಛಲೋ ಮಾಡೀ ಬಿಡವಾ" ಎಂದು ಕನ್ನಡದಲ್ಲೇ ಹೇಳಿ ಆ ಹುಡುಗಿಯ ಕೆನ್ನೆ ಸವರಿದರು. ಅರ್ಥವಾಗದಿದ್ದರೂ ಅವಳು ನಕ್ಕಳು. ಅವಳ ಹೇಳಿಕೆಯನ್ನು ಅಕ್ಕ ಅಲ್ಲೇ ಕೈಯಲ್ಲಿ ಬರೆದು ಸಹಿ ಹಾಕಿಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ, "ಹುಡುಕಾಕ ಹೋದಾಕಿ ಸಿಗಲಿಲ್ಲ. ಆದ್ರ ಒಬ್ಬಾಕಿ ಸಿಕ್ಕಳಲ್ರಿ" ಅಂದು ಹಾಯಾಗಿ ನಿದ್ದೆ ಹೋದರು.

ಪೊಲೀಸ್ ಠಾಣೆಗೂ ಅಕ್ಕ ಜೊತೆಗೇ ಬಂದರು. ಠಾಣೆಯ ಮುಖ್ಯಸ್ಥ ಫೌಜದಾರರು ಹುಡುಗಿಯ ಹೇಳಿಕೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಐದು ವಾರ ನನ್ನ ಜನ ಈ ಬಸ್ಸಿನ ಹಿಂದೆ ಓಡಿದ್ದಾರೆ. ಗೊತ್ತೇನು ನಿಮಗೆ?" ಎಂದು ಮರಾಠಿಯಲ್ಲಿ ಕೇಳಿದರು.

ಅಕ್ಕ ನನ್ನ ಪರವಾಗಿ ವಾದಿಸುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಕೂತಿದ್ದರು. ಕೊನೆಗೆ ನಾನೇ ಹೇಳಿದೆ, "ಸಾಹೇಬರೇ, ಕಂಡದ್ದು ಬೆನ್ನು ಮಾತ್ರ. ಉಳಿದದ್ದೆಲ್ಲ ನಾನು ಸೇರಿಸಿದ್ದು." ಫೌಜದಾರರು ಬೈದರು, ಬೈಯುವಷ್ಟು ಬೈದು ಹೊಸ ಜಬಾಬು ಬರೆಸಿಕೊಂಡರು. ಗೌರವ್ವನ ಹೆಸರು ಮತ್ತೆ ಅಪಹರಣವಾದವರ ಪಟ್ಟಿಗೆ ಬಂತು.

ಮೆಟ್ಟಿಲಿಳಿಯುವಾಗ ನಾನು ಅತ್ತುಬಿಟ್ಟೆ. ಆ ಐದು ವಾರ ಸರಿಯಾದ ಕಡೆ ಹುಡುಕಿದ್ದರೆ ಸಿಗುತ್ತಿದ್ದಳೋ ಏನೋ!

"ಅಳೂದು ಆಮ್ಯಾಲೆ" ಅಂದರು ಅಕ್ಕ. "ಮೊದಲ ಹಣಮಂತಪ್ಪನ ಮನೀಗೆ ನಡೀರಿ. ಅವಂಗ ನೀವ ಹೇಳಬೇಕು. ನಾ ಹೇಳಾಂಗಿಲ್ಲ."

ಹಣಮಂತಪ್ಪನ ತಗಡಿನ ಶೆಡ್ಡಿನ ಮುಂದೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಚಿಕ್ಕ ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಅಂದುಕೊಂಡಿದ್ದೆ. ಹಣಮಂತಪ್ಪ ನೆಲ ನೋಡುತ್ತ ಕೇಳಿಸಿಕೊಂಡ. ಆಮೇಲೆ ತಲೆಯೆತ್ತಿದ.

"ಹಂಗಾರ ಆಕಿ ನಗಾಕತ್ತಿರಲಿಲ್ಲೇನ್ರಿ?"

ನನಗೆ ಆಗ ಗೊತ್ತಾಯಿತು. ಊರೆಲ್ಲ ಛೀ ಅಂದರೂ, ಮಗಳು ಎಲ್ಲೋ ಬದುಕಿದ್ದಾಳೆ, ನಗುತ್ತಿದ್ದಾಳೆ ಎಂದು ಆ ಮನುಷ್ಯ ನನ್ನ ಸುಳ್ಳಿಗೆ ಜೋತುಬಿದ್ದಿದ್ದ. ಅದನ್ನೂ ನಾನು ಕಿತ್ತುಕೊಂಡಿದ್ದೆ.

ಅವನ ಹೆಂಡತಿ ಎದ್ದು ನಿಂತಳು. "ನಂಗ ಗೊತ್ತಿತ್ರಿ" ಅಂದಳು. "ಆಜೀ ಕಾಲಿಗೆ ದಿನಾ ಎಣ್ಣಿ ತಿಕ್ಕತಿತ್ತು ನನ್ನ ಕೂಸು. ಆಕೀನ್ನ ಕೊಂದು ನಕ್ಕೋತ ಹೋಗಾಕಿ ಅಲ್ಲ. ಇನ್ನ ಯಾರರ ಕೇಳಿದ್ರ ನಾ ಹೇಳ್ತೀನಿ. ಹೋಟೆಲ್ ಅಣ್ಣಾರು ತಾವ ಬಂದು ಹೇಳಿ ಹೋಗ್ಯಾರ ಅಂತ."

ಅಕ್ಕ ಒಳಗೆ ಹೋಗಿ ಚಿಕ್ಕ ಹುಡುಗಿಯ ಪಕ್ಕ ಕೂತು ತಾವೂ ಎರಡು ರೊಟ್ಟಿ ಬಡಿದರು. ಅವತ್ತು ಅಲ್ಲೇ ಉಂಡೆವು. ಹೊರಡುವಾಗ ಹಣಮಂತಪ್ಪ ಬಿಸಿಲಿಗೆ ಕಾಯದಂತೆ ನೆರಳಿಗೆ ಸರಿಸಿದ್ದ ನನ್ನ ಚಪ್ಪಲಿಗಳನ್ನು ತಂದು ಮುಂದಿಟ್ಟ. ನಾನು ಬೇಡ ಬೇಡ ಎನ್ನುತ್ತಿದ್ದರೂ ಇಟ್ಟ.

ಮುಂದಿನ ವಾರದಿಂದ ಅಕ್ಕ ಹೇಳಿದಂತೆ ನಾನು ಪ್ರತಿ ಮೇಜಿಗೂ ಹೋಗಿ ನನ್ನ ಮಾತನ್ನು ವಾಪಸು ತೆಗೆದುಕೊಂಡೆ. ಹೇಳುವಾಗ ಇದ್ದ ಕಿವಿಗಳು ತೆಗೆದುಕೊಳ್ಳುವಾಗ ಇರಲಿಲ್ಲ, ಆದರೂ ಹೇಳಿದೆ. ಒಬ್ಬ ವಕೀಲರು ತಮ್ಮ ಕಕ್ಷಿದಾರನ ಹೊಸ ಕಟ್ಟಡಕ್ಕೆ ಹಣಮಂತಪ್ಪನ ತಂಡವನ್ನು ಕರೆಸಿದರು. ಅಲ್ಲಿಂದ ಅವರ ಕೆಲಸ ಮತ್ತೆ ಹತ್ತಿತು.

ಕೇಸು ಮಾತ್ರ ಬಿಡಿಸಲಾಗಲಿಲ್ಲ. ಆಜಿಯ ಮೈದುನನ ಮಗ, ಮುಕಾದಮ, ಟೆಂಪೋದವರು, ಎಲ್ಲರನ್ನೂ ಕರೆದು ಕೇಳಿದರು, ಬಿಟ್ಟರು. ಗೌರವ್ವ ಇವತ್ತಿಗೂ ಸಿಕ್ಕಿಲ್ಲ. ಹಣಮಂತಪ್ಪ ವರ್ಷಕ್ಕೊಮ್ಮೆ ಹೊಸ ಅರ್ಜಿ ಕೊಡುತ್ತಾನೆ. ಹಳೆಯದರ ನಕಲು ತೆಗೆದು ದಿನಾಂಕ ಬದಲಿಸಿದರೆ ಸಾಕಿತ್ತು. ಅಕ್ಕ ಹಾಗೆ ಮಾಡಲಿಲ್ಲ. ಪ್ರತಿ ಸಲವೂ ಎದುರು ಕೂರಿಸಿಕೊಂಡು ಮೊದಲಿನಿಂದ ಕೇಳಿ ಟೈಪು ಮಾಡುತ್ತಿದ್ದರು.

ಬೆರಳ ಗಂಟುಗಳು ಬಾತುಕೊಂಡು ಟೈಪು ಮಾಡಲಾಗದಾದಾಗ ಅಕ್ಕ ಮೇಜು ಬಿಟ್ಟು ಸಂಭಾಜಿನಗರದ ತಂಗಿಯ ಮನೆಗೆ ಹೋದರು. ಅಲ್ಲಿ ಮನೆಗೆಲಸದ ಹೆಂಗಸರಿಗೆ ರೇಷನ್ ಫಾರಮ್ಮು ತುಂಬಿಸುವುದನ್ನು ಕಲಿಸುತ್ತಿದ್ದರಂತೆ. ಮೇಜು ಬಿಟ್ಟ ಮೇಲೆ ನಾನು ಅವರನ್ನು ಕಂಡದ್ದು ಒಂದೇ ಸಲ, ಈ ವರ್ಷ ಹಣಮಂತಪ್ಪನ ಚಿಕ್ಕ ಮಗಳ ಮದುವೆಯಲ್ಲಿ. ನಮ್ಮ ಮನೆಯಲ್ಲೇ ಇಳಿದುಕೊಂಡರು. ದಿಂಡೋರಿಗೆ ರಿಕ್ಷಾದಲ್ಲಿ ಹೋಗುವಾಗ, ದಾರಿಯುದ್ದಕ್ಕೂ ದ್ರಾಕ್ಷಿ ತೋಟ. ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಅಕ್ಕ, ಎಲ್ಲರ ಮಾತನ್ನೂ ಕೇಳಿದವರು ನೀವು. ನಿಮಗೆ ಯಾರ ಮೇಲೂ ಅನುಮಾನ ಇಲ್ವಾ?"

"ಐತಿ" ಅಂದರು.

ನಾನು ಬೆಚ್ಚಿಬಿದ್ದೆ. "ಯಾರು?"

"ಫೌಜದಾರರಿಗೆ ಒಂದ ಸಲ ಹೇಳೀನಿ. ಇದು ಬರೇ ನನ್ನ ಸಂಶಯ, ನಾ ಏನೂ ಕಂಡಿಲ್ಲ ಅಂತನೂ ಹೇಳೀನಿ. ಅವ್ರು ಹೋಗಿ ಎಲ್ಲಾ ನೋಡಿ ಬಂದ್ರು. ಏನೂ ಸಿಗಲಿಲ್ಲ. ಮುಗೀತು."

"ನನಗೆ ಹೇಳಬಾರದಾ?"

"ಮಾಡಿದ್ರ ಪಾಪ ಅವಂದು ಅಣ್ಣಾರ. ಮಾಡಿರದಿದ್ರ, ನಿಮ್ಮ ಮುಂದ ಹೆಸರ ಹೇಳಿದ ಪಾಪ ನಂದು." ಆಮೇಲೆ ತೋಟದ ಕಡೆ ಕೈ ಮಾಡಿ, "ಹೋದ ಸಲಕ್ಕಿಂತ ಈ ಸಲ ಗೊನಿ ಭಾಳ ಬಿಟ್ಟಾವ ನೋಡ್ರಿ" ಅಂದರು.

ಮದುವೆಯ ಚಪ್ಪರದಲ್ಲಿ ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಲ್ಲಿಯಿಂದ ಕೊಡ ಎತ್ತಿಕೊಂಡು ಹೋಗಿದ್ದ ಹೆಂಗಸರು ಅವತ್ತು ಅಡುಗೆಗೆ ಕೈಹಾಕಿದ್ದರು. ಆಮಂತ್ರಣ ಪತ್ರಿಕೆಯ ಒಕ್ಕಣೆ ಅಕ್ಕನದೇ, ಒಂದು ಬದಿ ಮರಾಠಿ, ಒಂದು ಬದಿ ಕನ್ನಡ. ಹಣಮಂತಪ್ಪ ಅದನ್ನು ಬರೆಸಲು ಸಂಭಾಜಿನಗರಕ್ಕೆ ಹೋಗಿ ಬಂದಿದ್ದ. ವಿಜಯಪುರದ ಕಡೆಯಿಂದ ಬಂದ ಅವನ ಸೋದರಮಾವ ಪತ್ರಿಕೆಯನ್ನು ಕಣ್ಣ ಹತ್ತಿರ ಹಿಡಿದು ಓದಿ, ಗೊಂದಲದಿಂದ ಕೇಳಿದ:

"ಹಣಮಂತ, ಇದೇನೋ ಇದು? ಇಲ್ಲದಾಕೀ ಹೆಸರ ಹಾಕ್ಸೀಯಲ್ಲೋ?"

ಹಣಮಂತಪ್ಪ ಹೆಗಲ ಮೇಲಿನ ಹೊಸ ಟವೆಲ್ಲು ಸರಿಮಾಡಿಕೊಂಡ. "ಹಿರೀ ಮಗಳು ಮಾಮಾ. ಮಂದೀನ್ನ ಕರಿಯೂವ್ರಾಗ ಆಕೀದ ಮೊದಲನೇ ಹೆಸರು" ಅಂದು, ಬೀಗರನ್ನು ಎದುರುಗೊಳ್ಳಲು ಹೋದ.

ನಾನೂ ಪತ್ರಿಕೆ ಬಿಡಿಸಿ ನೋಡಿದೆ. ಕೆಳಗೆ, 'ತಮ್ಮ ಆಗಮನ ಬಯಸುವವರು' ಎಂಬುದರಡಿ ಅಪ್ಪ ಅವ್ವನ ಹೆಸರಿಗೂ ಮೊದಲು, ಒಂದು ಅಕ್ಷರ ತಪ್ಪಿಲ್ಲದೆ ಅಚ್ಚಾಗಿತ್ತು: ವಧುವಿನ ಅಕ್ಕ, ಕುಮಾರಿ ಗೌರವ್ವ.